ಚಳಿಗಾಲದಲ್ಲಿ ಮಾತ್ರ ಬೇಯುತ್ತಿದ್ದ ಕಪ್ಪು ಬಿಯರ್

ಬಿಯರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೊಂಬಣ್ಣದ, ಮೇಲೆ ಬಿಳಿ ನೊರೆ ಕಟ್ಟಿದ ಗಾಜಿನ ಲೋಟ. ಆದರೆ ಇನ್ನೂರು ವರ್ಷದ ಹಿಂದೆ ಜರ್ಮನಿಯ ಬವೇರಿಯಾ ಸೀಮೆಗೆ ಹೋಗಿ ಒಂದು ಲೋಟ ಕೇಳಿದ್ದರೆ ಸಿಗುತ್ತಿದ್ದುದು ಸಾಮಾನ್ಯವಾಗಿ ಕಡು ಕಂದು ಬಣ್ಣದ ಬಿಯರ್. ಅಲ್ಲಿಯ ಜನ ಅದನ್ನು ‘ಡುಂಕೆಲ್’ ಅನ್ನುತ್ತಾರೆ. ಹಾಗೆಂದರೆ ಕಪ್ಪಾದದ್ದು, ಗಾಢವಾದದ್ದು ಎಂದರ್ಥ.

ಕುಡಿತ ಮನೆ ಮುರಿಯುವುದನ್ನು ನಾವೂ ಹತ್ತಿರದಿಂದ ಕಂಡವರೇ. ಕುಡಿಯಿರಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಒಂದು ಕಸುಬು ಕಟ್ಟಿಗೆ, ನೀರು, ಚಳಿ ಇವುಗಳ ಲೆಕ್ಕದಲ್ಲಿ ಹೇಗೆ ಬೆಳೆಯಿತು, ಯಂತ್ರ ಬಂದ ಮೇಲೆ ಏನಾಯಿತು ಎಂಬುದು ನಮ್ಮನ್ನು ಸೆಳೆಯಿತು. ರೈತರ ಮನೆಯವರಿಗೆ ಈ ಕತೆ ಬೇಗ ಅರ್ಥವಾಗುತ್ತದೆ.

ಮೊದಲು ಬಣ್ಣದ ವಿಷಯ. ಬಿಯರ್‌ಗೆ ಬೇಕಾದ ಮುಖ್ಯ ಧಾನ್ಯ ಬಾರ್ಲಿ. ನಾವು ರಾಗಿ ಮಾಲ್ಟ್‌ಗೆ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತೇವಲ್ಲ, ಅಲ್ಲಿಯೂ ಹಾಗೆಯೇ. ಬಾರ್ಲಿಯನ್ನು ನೀರಲ್ಲಿ ನೆನೆಹಾಕಿ, ಕಲ್ಲು ಹಾಸಿನ ಮೇಲೆ ಹರಡಿ, ಸಲಿಕೆಯಿಂದ ತಿರುವುತ್ತ ಕೆಲವು ದಿನ ಮೊಳಕೆ ಬರಿಸುತ್ತಾರೆ. ಆಮೇಲೆ ಗೂಡಿನಲ್ಲಿ ಬಿಸಿ ಕೊಟ್ಟು ಒಣಗಿಸುತ್ತಾರೆ. ಹಳೆಯ ಕಾಲದಲ್ಲಿ ಗೂಡಿನ ಕೆಳಗೆ ಉರಿಯುತ್ತಿದ್ದುದು ಕಟ್ಟಿಗೆ. ಉರಿ ಹೆಚ್ಚು ಕಡಿಮೆಯಾದರೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕಾಳು ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಅದರಿಂದ ಮಾಡಿದ ಬಿಯರೂ ಕಂದು. ಬ್ರೆಡ್ಡಿನ ಸುಟ್ಟ ಅಂಚಿನ ರುಚಿ ಡುಂಕೆಲ್‌ಗೆ ಬಂದದ್ದು ಈ ಉರಿಯಿಂದ.

ನೀರೂ ಇದಕ್ಕೆ ಒತ್ತಾಸೆಯಾಯಿತು. ಬವೇರಿಯಾದ ದೊಡ್ಡ ಪಟ್ಟಣ ಮ್ಯೂನಿಕ್‌ನ ನೀರು ಸುಣ್ಣದ ಅಂಶವಿರುವ ಗಡಸು ನೀರು. ಕೆಲವು ಬೋರ್‌ವೆಲ್ ನೀರಲ್ಲಿ ಬೇಳೆ ಬೇಯುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಬೈದುಕೊಳ್ಳುವುದಿಲ್ಲವೇ, ಬಿಯರ್‌ನಲ್ಲೂ ನೀರಿನ ಗುಣ ಹಾಗೆಯೇ ಕೆಲಸ ಮಾಡುತ್ತದೆ. ಗಡಸು ನೀರಲ್ಲಿ ತಿಳಿ ಬಣ್ಣದ ಮಾಲ್ಟ್ ಹಾಕಿದರೆ ಬಿಯರ್ ಒರಟಾಗುತ್ತದೆ. ಕಂದು ಮಾಲ್ಟ್‌ನಲ್ಲಿ ಸ್ವಲ್ಪ ಹುಳಿ ಗುಣ ಇರುವುದರಿಂದ ಅದು ನೀರಿನ ಗಡಸನ್ನು ಸರಿದೂಗಿಸುತ್ತದೆ. ಊರಿನ ನೀರಿಗೆ ಊರಿನ ಬಿಯರ್ ಹೊಂದಿಕೊಂಡಿತ್ತು.

ಇನ್ನು ಬೇಯಿಸುವ ಜಾಣ್ಮೆ. ಮಾಲ್ಟ್ ಪುಡಿಯನ್ನು ಬಿಸಿ ನೀರಲ್ಲಿ ಕಲಸಿ ಸಿಹಿ ರಸ ತೆಗೆಯಬೇಕು. ಇದಕ್ಕೆ ಬಿಸಿ ಹಂತ ಹಂತವಾಗಿ ಏರಬೇಕು, ಅತಿಯಾದರೆ ಕೆಟ್ಟಿತು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಅವರು ಕಂಡುಕೊಂಡ ಉಪಾಯ ಇದು: ಕಲಸಿದ್ದರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬೇರೆ ತಾಮ್ರದ ಹಂಡೆಗೆ ತೆಗೆದು ಕುದಿಸುವುದು, ಕುದಿದದ್ದನ್ನು ಮತ್ತೆ ಮೊದಲಿನ ಪಾತ್ರೆಗೆ ಸುರಿಯುವುದು. ಒಟ್ಟು ಬಿಸಿ ಒಂದು ಹಂತ ಏರುತ್ತದೆ. ಹೀಗೆ ಮೂರು ಸಲ. ಅಳತೆ ಗಟ್ಟಿಯಿದ್ದರೆ ಬಿಸಿಯೂ ಗಟ್ಟಿ. ಕೆಲಸ ಮಾತ್ರ ಹಲವು ಗಂಟೆಯದು, ಕಟ್ಟಿಗೆಯೂ ಹೆಚ್ಚು ಬೇಕು. ಈ ಕುದಿತದಿಂದ ಬಣ್ಣ, ರುಚಿ ಇನ್ನಷ್ಟು ಗಾಢವಾಗುತ್ತಿತ್ತು.

ಈಗ ಕಾನೂನಿಗೆ ಬರೋಣ. 1516ರ ಏಪ್ರಿಲ್ 23ರಂದು ಬವೇರಿಯಾದ ಡ್ಯೂಕ್ ನಾಲ್ಕನೇ ವಿಲ್‌ಹೆಲ್ಮ್ ಮತ್ತು ಅವನ ತಮ್ಮ ಲುಡ್ವಿಗ್ ಇಂಗೋಲ್‌ಸ್ಟಾಟ್ ಊರಿನಲ್ಲಿ ಒಂದು ಕಟ್ಟಳೆ ಹೊರಡಿಸಿದರು. ಬಿಯರ್‌ಗೆ ಬಾರ್ಲಿ, ನೀರು ಮತ್ತು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ, ಇಷ್ಟೇ ಹಾಕಬೇಕು. ಇಂದು ಇದನ್ನು ‘ಶುದ್ಧತೆಯ ಕಾನೂನು’ ಎಂದು ಹೊಗಳುತ್ತಾರೆ. ಆದರೆ ಅದರಲ್ಲಿ ಬೆಲೆಯದೂ ದೊಡ್ಡ ಮಾತು. ಸುಮಾರು ಒಂದು ಲೀಟರ್ ಹಿಡಿಯುವ ಅಳತೆಗೆ ಚಳಿಗಾಲದಲ್ಲಿ ಒಂದು ಪೆನ್ನಿಗಿಂತ, ಬೇಸಿಗೆಯಲ್ಲಿ ಎರಡು ಪೆನ್ನಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಪೆನ್ನಿ ಎಂದರೆ ಆ ಕಾಲದ ಸಣ್ಣ ನಾಣ್ಯ.

ಆ ಪಟ್ಟಿಯಲ್ಲಿ ಯೀಸ್ಟ್ ಇರಲಿಲ್ಲ. ಸಿಹಿ ರಸವನ್ನು ಹುದುಗಿಸುವ ಜೀವಿ ಅದು ಎಂದು ಆಗ ತಿಳಿದಿರಲಿಲ್ಲ. ಆದರೆ ಹಿಂದಿನ ಪೀಪಾಯಿಯ ಗಷ್ಟನ್ನು ಮುಂದಿನದಕ್ಕೆ ಹಾಕಿದರೆ ಕೆಲಸ ಆಗುತ್ತದೆ ಎಂದು ಕೈಗೆ ಗೊತ್ತಿತ್ತು, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

1553ರಲ್ಲಿ ಡ್ಯೂಕ್ ಐದನೇ ಆಲ್ಬ್ರೆಕ್ಟ್ ಇನ್ನೊಂದು ಕಟ್ಟಳೆ ತಂದ. ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಬೇಯಿಸುವಂತಿಲ್ಲ. ಬೇಸಿಗೆಯಲ್ಲಿ ಮಾಡಿದ್ದು ಬೇಗ ಹುಳಿಯಾಗಿ ಕೆಡುತ್ತಿತ್ತು. ಇಡ್ಲಿ ಹಿಟ್ಟು ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಉಕ್ಕಿ ಹರಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದಲ್ಲೇ ಬೇಯಿಸಿದಾಗ, ತಂಪಿನಲ್ಲೂ ಬದುಕುವ ಯೀಸ್ಟ್ ಮಾತ್ರ ಗೆಲ್ಲುತ್ತಾ ಬಂತು. ಅದು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ನಿಧಾನವಾಗಿ ಕೆಲಸ ಮಾಡಿ ಕೊನೆಗೆ ತಳಕ್ಕೆ ಇಳಿಯುತ್ತದೆ. ಆಮೇಲೆ ಬಿಯರನ್ನು ತಣ್ಣನೆಯ ನೆಲಮಾಳಿಗೆಯ ಪೀಪಾಯಿಗಳಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಡುತ್ತಾರೆ. ಜರ್ಮನ್ ಭಾಷೆಯಲ್ಲಿ ‘ಲಾಗರ್ನ್’ ಎಂದರೆ ಕೂಡಿಡುವುದು. ಲಾಗರ್ ಎಂಬ ಹೆಸರು ಬಂದದ್ದು ಅಲ್ಲಿಂದ. ಈ ಯೀಸ್ಟ್ ಎರಡು ಜಾತಿಗಳ ಬೆರಕೆ. ಅದರ ಒಂದು ಕಡೆಯ ಪೂರ್ವಜ ಯಾವುದು ಎಂದು ತಿಳಿದದ್ದು 2011ರಲ್ಲಿ, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಾಡಿನ ಮರಗಳಲ್ಲಿ ಅದು ಸಿಕ್ಕಾಗ.

ಬೇಸಿಗೆಗೆ ಬೇಕಾದ ಬಿಯರನ್ನು ಮಾರ್ಚ್‌ನಲ್ಲೇ ಸ್ವಲ್ಪ ಗಟ್ಟಿಯಾಗಿ ಮಾಡಿ ಕೂಡಿಡುತ್ತಿದ್ದರು. ಕೆರೆ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಕೊಯ್ದು ಮಾಳಿಗೆಗೆ ತುಂಬುತ್ತಿದ್ದರು. ಮಾಳಿಗೆಯ ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರ ನೆಡುತ್ತಿದ್ದರು. ಜನ ಆ ನೆರಳಲ್ಲೇ ಕುಳಿತು ಕುಡಿಯತೊಡಗಿದಾಗ ಪಟ್ಟಣದ ಹೋಟೆಲಿನವರು ದೂರು ಕೊಟ್ಟರು. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಜೋಸೆಫ್ ರಾಜಿ ಮಾಡಿದ: ಬಿಯರ್ ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಕೊಡುವಂತಿಲ್ಲ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವ ರೂಢಿ ಅಲ್ಲಿಯ ಬಿಯರ್ ತೋಟಗಳಲ್ಲಿ ಇಂದಿಗೂ ಇದೆ.

ಕತೆ ತಿರುಗುವುದು 1833ರಲ್ಲಿ. ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿಯ ಯುವಕ ಗೇಬ್ರಿಯಲ್ ಸೆಡ್ಲ್‌ಮೇಯರ್ ತನ್ನ ಗೆಳೆಯ, ವಿಯೆನ್ನಾ ಕಡೆಯ ಆಂಟನ್ ಡ್ರೇಹರ್ ಜೊತೆ ಬ್ರಿಟನ್‌ಗೆ ಹೋದ. ಅಲ್ಲಿಯ ಬ್ರೂವರಿಗಳನ್ನು ನೋಡುತ್ತ, ಟೊಳ್ಳು ಮಾಡಿದ ಊರುಗೋಲಿನಲ್ಲಿ ಕಳ್ಳತನದಿಂದ ಮಾದರಿ ತುಂಬಿಕೊಂಡು ಬಂದು ರೂಮಿನಲ್ಲಿ ಅಳೆದು ನೋಡುತ್ತಿದ್ದರು. ಥರ್ಮಾಮೀಟರ್, ಸಕ್ಕರೆ ಅಂಶ ಅಳೆಯುವ ಉಪಕರಣ, ಬೆಂಕಿ ನೇರವಾಗಿ ತಾಗದಂತೆ ಬಿಸಿ ಗಾಳಿಯಲ್ಲಿ ಮಾಲ್ಟ್ ಒಣಗಿಸುವ ಕ್ರಮ, ಎಲ್ಲವನ್ನೂ ಕಲಿತರು. ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪಿನ ಬ್ಯಾರನ್ ನೋಡಿದವರಿಗೆ ಈ ಕ್ರಮ ಹೊಸದಲ್ಲ. ಉರಿ ಹಿಡಿತಕ್ಕೆ ಬಂದ ಮೇಲೆ ಮಾಲ್ಟ್ ಬೇಕೆಂದಷ್ಟು ತಿಳಿ ಬಣ್ಣದಲ್ಲಿ ಉಳಿಯಿತು.

1841ರಲ್ಲಿ ಡ್ರೇಹರ್ ಕೆಂಬಣ್ಣದ ಲಾಗರ್ ತಂದ. 1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ಊರಿನವರು ಬವೇರಿಯಾದ ಜೋಸೆಫ್ ಗ್ರೋಲ್‌ನನ್ನು ಕರೆಸಿದರು. ಅಲ್ಲಿಯ ಮೆದು ನೀರು, ತಿಳಿ ಮಾಲ್ಟ್, ಬವೇರಿಯಾದ ತಂಪು ಕ್ರಮ ಮೂರೂ ಸೇರಿ ಹೊಂಬಣ್ಣದ ಬಿಯರ್ ಹುಟ್ಟಿತು. ಡೆನ್ಮಾರ್ಕ್‌ನ ಜೆ.ಸಿ. ಯಾಕೋಬ್ಸನ್ 1845ರಲ್ಲಿ ಸ್ಪಾಟೆನ್‌ನಿಂದ ಯೀಸ್ಟ್ ಪಡೆದು, ದಾರಿಯುದ್ದಕ್ಕೂ ತಣ್ಣೀರು ಹಾಕುತ್ತಾ ಕೋಪನ್‌ಹೇಗನ್‌ಗೆ ಒಯ್ದ. ಅವನು ಕಟ್ಟಿದ ಕಾರ್ಲ್ಸ್‌ಬರ್ಗ್‌ನಲ್ಲಿ 1883ರಲ್ಲಿ ಎಮಿಲ್ ಹ್ಯಾನ್ಸನ್ ಯೀಸ್ಟ್‌ನ ಒಂದೇ ತಳಿಯನ್ನು ಬೇರ್ಪಡಿಸಿ ಬೆಳೆಸಿದ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತನ್ನ ತಂಪು ಮಾಡುವ ಯಂತ್ರವನ್ನು ಮೊದಲು ಪ್ರಯೋಗಿಸಿದ್ದೂ ಸ್ಪಾಟೆನ್‌ನಲ್ಲೇ. ಇನ್ನು ಕೆರೆಯ ಮಂಜುಗಡ್ಡೆಯೂ ಬೇಡ, ಚಳಿಗಾಲವೂ ಬೇಡ.

ಗಮನಿಸಿ, ಹಳೆಯ ಕಪ್ಪು ಬಿಯರ್ ಮಾಡುತ್ತಿದ್ದ ಮನೆಯೇ ಹೊಸ ಬಾಗಿಲುಗಳನ್ನೆಲ್ಲ ತೆರೆಯಿತು. ಆ ಬಾಗಿಲುಗಳಿಂದ ತಿಳಿ ಬಿಯರ್ ಜಗತ್ತಿಗೆಲ್ಲ ಹರಡಿತು. 1894ರಲ್ಲಿ ಸ್ಪಾಟೆನ್ ತಾನೇ ತಿಳಿ ಬಣ್ಣದ ಲಾಗರ್ ಮಾರಿತು. ಮ್ಯೂನಿಕ್‌ನ ಕೆಲವು ಬ್ರೂವರಿಯವರು ಇದನ್ನು ವಿರೋಧಿಸಿದರು, ಆದರೆ ತಡೆಯಲಾಗಲಿಲ್ಲ. ಡುಂಕೆಲ್ ಸತ್ತಿಲ್ಲ, ಆದರೆ ಒಂದು ಕಾಲದ ಮನೆಯ ಯಜಮಾನ ಈಗ ಜಗಲಿಯಲ್ಲಿ ಕೂತ ಹಿರಿಯನಂತಾಗಿದ್ದಾನೆ.

ಯಂತ್ರ ಬಂದದ್ದು ತಪ್ಪು ಎಂದು ನಾವು ಹೇಳುವುದಿಲ್ಲ. ಬ್ರೂವರಿಗೆ ಬಂದ ಆ ತಂಪಿನ ವಿದ್ಯೆಯೇ ಮುಂದೆ ಹಾಲು, ಮೀನು, ಮಾಂಸ ಕೆಡದಂತೆ ಕಾಯಿತು. ಆದರೆ ನೀರು, ಉರಿ, ಋತು ನೋಡಿ ಕೆಲಸ ಮಾಡುವ ಕೈಯ ತಿಳಿವಳಿಕೆಯನ್ನು ಯಾರಾದರೂ ಉಳಿಸಿಕೊಳ್ಳದಿದ್ದರೆ ಅದು ಒಂದೆರಡು ತಲೆಮಾರಿಗೆ ಮುಗಿಯುತ್ತದೆ.

ಉಳಿಸಿಕೊಂಡವರೂ ಇದ್ದಾರೆ. ಬವೇರಿಯಾದ ಈಶಾನ್ಯಕ್ಕೆ, ವಿಂಡಿಶೆಷೆನ್‌ಬಾಖ್, ಎಸ್ಲಾರ್ನ್‌ನಂಥ ಸಣ್ಣ ಊರುಗಳಲ್ಲಿ ಊರಿಗೆಲ್ಲ ಸೇರಿದ ಒಂದೊಂದು ಬೇಯಿಸುವ ಮನೆ ಇದೆ. ಹಕ್ಕುಳ್ಳ ಮನೆತನಗಳು ಸರದಿಯಂತೆ ಅಲ್ಲಿ ರಸ ಬೇಯಿಸಿ, ತಮ್ಮ ಮನೆಯ ಮಾಳಿಗೆಗೆ ಒಯ್ದು ಯೀಸ್ಟ್ ಹಾಕಿ ಕೂಡಿಡುತ್ತಾರೆ. ಅದರ ಹೆಸರು ‘ಝೋಯ್ಗಲ್’. ಬಣ್ಣ, ರುಚಿ ಮನೆಯಿಂದ ಮನೆಗೆ ಬೇರೆ. ಯಾರ ಸರದಿಯೋ ಆ ಮನೆಯ ಮುಂದೆ ಆರು ಮೂಲೆಯ ನಕ್ಷತ್ರ ತೂಗುತ್ತದೆ. ಆ ನಕ್ಷತ್ರ ನೋಡಿಕೊಂಡು ಊರಿನವರು ಒಳಗೆ ಹೋಗುತ್ತಾರೆ.