ಗೋಡೆಗೆ ಕಾಶಿ, ಕಾಲಿಗೆ ಫರಸಿ

ಊರಿನ ಮನೆಗೆ ಟೈಲ್ಸ್ ಹಾಕಿಸಬೇಕು ಅಂತ ನಿರ್ಧಾರ ಮಾಡಿದ್ದು ನಾನು, ಬೆಂಗಳೂರಿನಲ್ಲಿ ಕೂತು. ಊರು ಇರೋದು ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಪ್ರಾಜೆಕ್ಟ್ ಅಂದಮೇಲೆ ಎಕ್ಸೆಲ್ ಶೀಟು ಇರಲೇಬೇಕಲ್ಲ. ಪಡಸಾಲೆ 12 ಅಡಿಗೆ 18, ಅಂದರೆ 216 ಚದರ ಅಡಿ. ಕಟಿಂಗಿನಲ್ಲಿ ಹಾಳಾಗೋದಕ್ಕೆ 10 ಪರ್ಸೆಂಟ್ ಸೇರಿಸಿದರೆ ಸುಮಾರು 238. ಎರಡಡಿ ಟೈಲು ಅಂತ ಅಂಗಡಿಯವರು ಕರೆಯೋದು ನಿಜಕ್ಕೂ 600 ಮಿಲಿಮೀಟರ್. ಎರಡಡಿ ಅಂದರೆ 610 ಆಗಬೇಕು. ಹಾಗಾಗಿ ನಾಲ್ಕು ಟೈಲಿನ ಬಾಕ್ಸಿಗೆ 16 ಅಲ್ಲ, ಹದಿನೈದೂವರೆ ಚದರ ಅಡಿ. ಒಟ್ಟು 16 ಬಾಕ್ಸು. ಎಲ್ಲಾ ಒಂದೇ ಬ್ಯಾಚಿನವು ಇರಬೇಕು, ಇಲ್ಲದಿದ್ದರೆ ಬಣ್ಣ ಒಂದಕ್ಕೊಂದು ಹೊಂದೋದಿಲ್ಲ. ಹುಮನಾಬಾದಿನ ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯೋ ಗುಜರಾತಿನ ಮೋರ್ಬಿ ಮಾಲು ಆರಿಸಿ ಅಡ್ವಾನ್ಸೂ ಕೊಟ್ಟೆ.

ಶೀಟಿನಲ್ಲಿ ಒಂದು ಕಾಲಂ ಬಿಟ್ಟುಹೋಗಿತ್ತು. ಅವ್ವ.

"ಫರಸಿ ಕೀಳಸ್ತೀಯೇನು? ನಿಮ್ಮಪ್ಪ ಲಾರಿ ಮ್ಯಾಲ ಕೂತು ತಂದಿದ್ದ," ಅಂದಳು. ಅಪ್ಪ ಇಲ್ಲ. ಅವ್ವನ ಎಡಗಣ್ಣಿಗೆ ಪೊರೆ ಬಂದಿದೆ. ನಾನು ವಾದ ಮಾಡಲಿಲ್ಲ, ಸುಮ್ಮನೆ ಮುಂದೂಡಿದೆ. ನಮ್ಮ ಆಫೀಸಿನಲ್ಲೂ ಅದನ್ನೇ ಮಾಡ್ತೀವಿ.

ಅದೇ ವಾರ ಕಣ್ಣಿನ ತಪಾಸಣೆಗೆ ಅವಳನ್ನು ಬೀದರಿಗೆ ಕರಕೊಂಡು ಹೋದೆ. ಡಾಕ್ಟರು ಮಧ್ಯಾಹ್ನ ಬನ್ನಿ ಅಂದರು. ಹೊತ್ತು ಕಳೆಯೋಕೆ ಇಬ್ಬರೂ ಮಹಮೂದ್ ಗವಾನನ ಮದರಸಾಕ್ಕೆ ಹೋದೆವು. ಶಾಲೆಯ ಟ್ರಿಪ್ಪಿನಲ್ಲಿ ನೋಡಿದ್ದೆ. ಆಗ ಗಮನವೆಲ್ಲ ಬುತ್ತಿ ಮೇಲೆ ಇತ್ತು. ಈ ಸಲ ತಲೆತುಂಬ ಟೈಲ್ಸೇ ಇದ್ದಿದ್ದರಿಂದ ನೋಡೋ ರೀತಿಯೇ ಬೇರೆ ಆಯಿತು.

ಗವಾನ್ ಇರಾನಿನ ಗಿಲಾನದವನು, ಬಹಮನಿ ಸುಲ್ತಾನರ ವಜೀರ. 1472ರಲ್ಲಿ ಮುಗಿದ ಈ ಮೂರಂತಸ್ತಿನ ಕಟ್ಟಡದ ಮುಂಭಾಗವನ್ನು ಬಣ್ಣದ ಟೈಲ್ಸಿನಿಂದ ಮುಚ್ಚಿಸಿದ. ಪಾರಸಿಯಲ್ಲಿ ಈ ಟೈಲಿಗೆ ಕಾಶಿ ಅಂತಾರೆ, ಕಾಶಾನ್ ಎಂಬ ಊರಿನಿಂದ ಬಂದ ಹೆಸರು. (ಅವ್ವನಿಗೆ ಹೇಳಿದಾಗ ಕೈಮುಗಿದಳು. ಬೇರೆ ಕಾಶಿ ಅಂತ ಬಿಡಿಸಿ ಹೇಳಲಿಲ್ಲ.) 1481ರಲ್ಲಿ ಸುಲ್ತಾನನೇ ಗವಾನನನ್ನು ಕೊಲ್ಲಿಸಿದ. 1696ರಲ್ಲಿ ಒಳಗೆ ಶೇಖರಿಸಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾಲೇ ಹಾರಿಹೋಯಿತು. ಈಗ ಒಂದೇ ಮಿನಾರು ಉಳಿದಿದೆ. ಅದರ ಮೇಲೆ ಅಂಕುಡೊಂಕು ಪಟ್ಟೆಗಳ ಟೈಲ್ಸು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ, ಸುಮಾರು ಐದೂವರೆ ಶತಮಾನದ ಬಿಸಿಲು ಮಳೆ ತಿಂದು. ನನ್ನ ಬೆಂಗಳೂರಿನ ಫ್ಲಾಟಿನ ಬಾತ್‌ರೂಮಿನವು ನಾಲ್ಕನೇ ವರ್ಷಕ್ಕೇ ಉದುರಿದವು.

ಹತ್ತಿರ ಹೋಗಿ ನೋಡಿದರೆ ಕೆಲಸದ ಗುಟ್ಟು ಸ್ವಲ್ಪ ಗೊತ್ತಾಗುತ್ತದೆ. ಸುಟ್ಟ ಮಣ್ಣಿನ ಬಿಲ್ಲೆ, ಅದರ ಮೇಲೆ ಗಾಜಿನ ತೆಳು ಪದರ, ನೀಲಿಗೆ ಕೋಬಾಲ್ಟ್. ಆ ಗಾಜೇ ಅದರ ಚೆಲುವು, ಅದೇ ಅದರ ದೌರ್ಬಲ್ಯ. ಗೋಡೆ ಮೇಲೆ ಶತಮಾನಗಟ್ಟಲೆ ಇರುತ್ತದೆ, ಕಾಲಡಿ ಹಾಕಿದರೆ ಮರಳಿಗೆ ಗೀಚಿಹೋಗುತ್ತದೆ. ಆಮೇಲೆ ಕೋಟೆಯೊಳಗೆ ಅಲಿ ಬರೀದ್ ಕಟ್ಟಿಸಿದ ರಂಗೀನ್ ಮಹಲನ್ನೂ ನೋಡಿದೆವು. ಬಾಗಿಲ ಸುತ್ತ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಗೋಡೆಗೆ ಟೈಲ್ಸ್. ನಾನು ಕಂಡ ಕಡೆಯೆಲ್ಲ ಬಣ್ಣ ಇದ್ದದ್ದು ಕಣ್ಣಿನ ಎತ್ತರಕ್ಕೆ. ದುಡ್ಡಿಗೆ ಬರ ಇಲ್ಲದವರೂ ಕಾಶಿಯನ್ನು ಗೋಡೆಗೇ ಇಟ್ಟರು.

ಈಗಿನ ವಿಟ್ರಿಫೈಡ್ ಟೈಲು ಬೇರೆ ಜಾತಿ, ಒಪ್ಪಿಕೊಳ್ಳೋಣ. ಮಣ್ಣನ್ನು ಭಾರೀ ಒತ್ತಡದಲ್ಲಿ ಅಚ್ಚು ಹಾಕಿ ಸುಮಾರು 1200 ಡಿಗ್ರಿಯಲ್ಲಿ ಸುಡ್ತಾರೆ, ಅರ್ಧ ಪರ್ಸೆಂಟಿಗಿಂತ ಹೆಚ್ಚು ನೀರು ಕುಡಿಯೋದಿಲ್ಲ, ಬೇಗ ಸವೆಯೋದೂ ಇಲ್ಲ. ಆದರೆ ಪಾಲಿಶ್ ಮಾಡಿದ್ದರ ಮೇಲೆ ನೀರು ಚೆಲ್ಲಿದರೆ ಕಾಲು ನಿಲ್ಲಲ್ಲ. ವಾಪಸ್ ಬರುವಾಗ ಅದೇ ಅಂಗಡಿಗೆ ಹೋಗಿ ಸ್ಯಾಂಪಲ್ ಮೇಲೆ ಒಂದು ಲೋಟ ನೀರು ಹಾಕಿದೆ. ಅವ್ವ ಒಂದು ಕಾಲಿಟ್ಟಳು, ತಕ್ಷಣ ನನ್ನ ತೋಳು ಹಿಡಿದಳು. ಅವಳ ಬೆರಳು ನಡುಗುತ್ತಿದ್ದವು. ನೀರು ಎಲ್ಲಿದೆ ಅಂತ ಅವಳಿಗೆ ಕಂಡೇ ಇರಲಿಲ್ಲ.

ಫರಸಿ ಎನ್ನೋ ಮಾತೂ ಗವಾನನ ಕಡೆಯಿಂದಲೇ ಬಂದದ್ದು: ಫರ್ಶ್ ಅಂದರೆ ನೆಲ. ಕಲ್ಲು ಮಾತ್ರ ನಮ್ಮದು. ಕಲಬುರಗಿ ಆಚೆಯ ಶಹಾಬಾದಿನ ಸುಣ್ಣಕಲ್ಲು ಭೂಮಿಯೊಳಗೇ ಪದರ ಪದರವಾಗಿ ಕೂತಿದೆ. ಉಳಿ ಕೊಟ್ಟು ಎಬ್ಬಿಸಿದರೆ ಹೋಳಿಗೆ ಬಿಡಿಸಿದ ಹಾಗೆ ಚಪ್ಪಟೆಯಾಗಿ ಬರುತ್ತದೆ, ಅದಕ್ಕೇ ಬಡವರ ಮನೆಗೂ ಎಟುಕಿತು. ಮುಂಬೈ–ಮದ್ರಾಸ್ ರೈಲುದಾರಿ ಶಹಾಬಾದಿನ ಮೇಲೇ ಹೋಗಿದ್ದರಿಂದ ದೂರದ ಊರುಗಳಿಗೂ ಹೋಯಿತು. ಏಪ್ರಿಲ್ ಬಿಸಿಲಿನಲ್ಲಿ ನಾವು ಅಣ್ಣತಮ್ಮಂದಿರು ಬರಿಮೈಯಲ್ಲಿ ಅದರ ಮೇಲೆ ಮಲಗಿ, ಬೆವರು ಒತ್ತಿದ ಕಡೆ ಬಿಟ್ಟು ತಣ್ಣನೆ ಜಾಗಕ್ಕೆ ಉರುಳುತ್ತಿದ್ದೆವು.

ಫರಸಿ ರಿಪೇರಿ ಗೊತ್ತಿರೋ ಮೇಸ್ತ್ರಿ ಬಸವಕಲ್ಯಾಣದಲ್ಲಿ ಸಿಕ್ಕರು. 11ನೇ ಶತಮಾನದಲ್ಲಿ ಒಂದನೇ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಮಾನ್ಯಖೇಟ ಅಂದರೆ ಇವತ್ತಿನ ಮಳಖೇಡ, ಸಿಮೆಂಟಿನ ಸುಣ್ಣಕಲ್ಲಿನ ಸೀಮೆ. ಅಲ್ಲಿಂದ ಕಪ್ಪುಕಲ್ಲಿನ ನೆಲಕ್ಕೆ ಒಂದು ಸಾಮ್ರಾಜ್ಯವೇ ಶಿಫ್ಟ್ ಆಯಿತು. ಪಕ್ಕದ ನಾರಾಯಣಪುರದ ಶಿವಾಲಯ ನೋಡಿದರೆ ಆ ಊರಿನವರಿಗೆ ಕಲ್ಲಿನ ಕೆಲಸ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. ಮೇಸ್ತ್ರಿ ಬಂದು ಕೋಲಿನಿಂದ ಒಂದೊಂದೇ ಫರಸಿ ಕುಟ್ಟಿ ಕೇಳಿದರು. ಟೊಳ್ಳು ಸದ್ದು ಬಂದಲ್ಲಿ ಸುಣ್ಣದ ಗುರುತು ಹಾಕಿದರು. ಇಡೀ ಪಡಸಾಲೆಯಲ್ಲಿ ಎಂಟೇ ಎಂಟು.

"ಉಳಿದದ್ದು ಪಾಲಿಶ್ ಹೊಡದ್ರ ಸಾಕ್ರಿ. ಭಾಳ ಚಂದ ಕೂಡಸ್ಯಾರ," ಅಂದರು. ಅವ್ವ ಒಳಗೆ ಚಹಾ ಮಾಡುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ.

ಅಡ್ವಾನ್ಸ್ ವಾಪಸ್ ಬರಲಿಲ್ಲ, ಬದಲಿ ಮಾಲು ಕೊಟ್ಟರು. ಬಚ್ಚಲಿನ ನೆಲಕ್ಕೆ ಹೊಳಪಿಲ್ಲದ, ಒರಟು ಮೈಯ ಟೈಲ್ಸ್. ಅಡಿಗೆಮನೆ ಗೋಡೆಗೆ ಒಲೆಯ ಕಟ್ಟೆಯಿಂದ ಎರಡಡಿ ಮೇಲಿನವರೆಗೆ ಮಾತ್ರ. ಗೋಡೆಯ ಬಣ್ಣ ಆರಿಸಿದ್ದು ಅವ್ವ. ನೀಲಿ. ಮದರಸಾದ ನೆನಪಿನಿಂದಲೇನು ಅಂತ ಕೇಳಿದೆ.

"ಇಲ್ಲೋ. ಬಿಳೀದಕಿಂತ ಇದು ನನಗ ಚಂದಾಗಿ ಕಾಣ್ತದ," ಅಂದಳು.