ಎಂಜಿನ್ ಇಳಿಸುವ ಮೊದಲು

ಹಳೆಯ ನೀರೆತ್ತುವ ಪಂಪಿಗೆ ಹೆಚ್ಚು ಶಕ್ತಿಯ ಮೋಟಾರು ಜೋಡಿಸಿದರೆ ಏನಾಗುತ್ತದೆ? ಬೆಲ್ಟು ಜಾರುತ್ತದೆ, ವೈರು ಬಿಸಿಯಾಗುತ್ತದೆ, ಬುಡದ ಬೋಲ್ಟುಗಳು ಸಡಿಲವಾಗುತ್ತವೆ. ಶಕ್ತಿ ಹೆಚ್ಚಿದ್ದು ಒಂದು ಕಡೆ, ಅದನ್ನು ತಾಳಿಕೊಳ್ಳಬೇಕಾದದ್ದು ಹತ್ತು ಕಡೆ. ಅಮೆರಿಕದ ಕ್ಯಾಲಿಫೋರ್ನಿಯಾದ ಯುವಕರು ಇದೇ ಪಾಠವನ್ನು ಮನೆಯ ಗ್ಯಾರೇಜುಗಳಲ್ಲಿ ಕಾರುಗಳ ಮೇಲೆ ಕಲಿತರು.

ಫೋರ್ಡ್ ಕಂಪನಿಯ 'ಮಾಡೆಲ್ ಎ' ಕಾರು 1931ರವರೆಗೆ ಸುಮಾರು 48 ಲಕ್ಷ ಮಾರಾಟವಾಗಿತ್ತು. ಅದರದು ನಾಲ್ಕು ಸಿಲಿಂಡರಿನ, 40 ಅಶ್ವಶಕ್ತಿಯ ಎಂಜಿನ್. 1932ರಲ್ಲಿ ಅದೇ ಕಂಪನಿ 65 ಅಶ್ವಶಕ್ತಿಯ ವಿ-8 ಎಂಜಿನನ್ನು ಸಾಮಾನ್ಯರ ಕೈಗೆಟುಕುವ ಬೆಲೆಯ ಕಾರಿನಲ್ಲಿ ತಂದಿತು. ಕೆಲವೇ ವರ್ಷಗಳಲ್ಲಿ ಗುಜರಿ ಅಂಗಡಿಗಳಲ್ಲಿ ಈ ಎಂಜಿನ್ ಸಿಗತೊಡಗಿತು. ಹೊಸ ಕಾರು ಕೊಳ್ಳಲಾಗದವರು ಹಳೆಯ 'ಮಾಡೆಲ್ ಎ'ಗೆ ಅದನ್ನು ಕೂರಿಸಿ, ಮ್ಯೂರಾಕ್ ಎಂಬ ಒಣಗಿದ ಸರೋವರದ ಅಂಗಳದಲ್ಲಿ ವೇಗ ಪರೀಕ್ಷಿಸುತ್ತಿದ್ದರು. ಅಲ್ಲಿನ ಓಟಗಳಿಗೆ ಶಿಸ್ತು ತರಲೆಂದೇ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು.

ಎಂಜಿನ್ ಬದಲಿ ಎಂದೊಡನೆ ನಿಮ್ಮ ಕಣ್ಣಿಗೆ ಬರುವುದು ಮರದ ಕೊಂಬೆಗೋ ತೊಲೆಗೋ ಕಟ್ಟಿದ ಸರಪಳಿ, ಅದರಲ್ಲಿ ತೂಗುವ ಕಾಲು ಟನ್ ಕಬ್ಬಿಣ. ಅದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಮೊದಲಿನ ಸಿದ್ಧತೆಯೇ ದೊಡ್ಡದು, ಅಪಾಯವೂ ಅಲ್ಲೇ ಇತ್ತು.

'ಮಾಡೆಲ್ ಎ'ಯಲ್ಲಿ ಸುಮಾರು 40 ಲೀಟರಿನ ಪೆಟ್ರೋಲ್ ಟ್ಯಾಂಕು ಇದ್ದದ್ದು ಹಿಂದೆ ಅಲ್ಲ. ಎಂಜಿನಿಗೂ ಚಾಲಕನ ಮೊಣಕಾಲಿಗೂ ನಡುವೆ. ಎತ್ತರದಿಂದ ಪೆಟ್ರೋಲು ತಾನಾಗಿ ಹರಿಯುವುದರಿಂದ ಪಂಪು ಬೇಡವಾಗಿತ್ತು. ಹೊಸ ಎಂಜಿನಿಗೆ ಆಧಾರಗಳನ್ನು ಬೆಸೆಯಬೇಕಾದ ಚೌಕಟ್ಟು ಇದೇ ಟ್ಯಾಂಕಿನ ಕೆಳಗೆ. 'ಪೆಟ್ರೋಲು ಖಾಲಿ ಮಾಡಿದೆವಲ್ಲ' ಎಂದು ಧೈರ್ಯವಾಗಿ ವೆಲ್ಡಿಂಗಿಗೆ ಕೈಹಾಕಿದರೆ ಕೆಟ್ಟಿತು. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇಕಡಾ 1.4ರಿಂದ 7.6ರಷ್ಟಿದ್ದಾಗ ಮಾತ್ರ ಉರಿ ಹರಡುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟ. ಬರಿದಾದ ಟ್ಯಾಂಕಿಗೆ ಗಾಳಿ ನುಗ್ಗಿದಾಗಲೇ ಮಿಶ್ರಣ ಸ್ಫೋಟಕ್ಕೆ ಹದವಾಗುವುದು! ಟ್ಯಾಂಕನ್ನು ಪೂರ್ತಿ ಕಳಚಿ ಹೊರಗಿಡುವುದೊಂದೇ ಸರಿಯಾದ ದಾರಿ. ಹಲವರು ಅದನ್ನು ಹಿಂಬದಿಗೆ ಸಾಗಿಸಿದರು. ವಿ-8ಕ್ಕೆ ಹೇಗೂ ಪಂಪು ಇತ್ತು.

ಬ್ಯಾಟರಿ ಕಳಚುವುದರಲ್ಲೂ ಒಂದು ಸೂಕ್ಷ್ಮವಿದೆ. 'ಮೊದಲು ಋಣ ತಂತಿ ತೆಗೆ' ಎಂಬುದು ಇಂದಿನ ಕಾರುಗಳ ನಿಯಮ. ಆ ಫೋರ್ಡುಗಳಲ್ಲಿ ಕಾರಿನ ಮೈಗೆ ಸೇರಿದ್ದು ಧನ ಧ್ರುವ. ಮೊದಲು ತೆಗೆಯಬೇಕಾದದ್ದು ಮೈಗೆ ಸೇರಿದ ತಂತಿ, ಅದು ಯಾವ ಧ್ರುವವಾದರೂ ಸರಿ. ಆಮೇಲೆ ಸ್ಪ್ಯಾನರು ಎಲ್ಲಿ ತಗುಲಿದರೂ ಮಂಡಲ ಪೂರ್ಣವಾಗದು. ನಿಯಮವನ್ನಷ್ಟೇ ಬಾಯಿಪಾಠ ಮಾಡಿದವನಿಗೆ ಇಲ್ಲಿ ಕಿಡಿ ಕಾದಿರುತ್ತಿತ್ತು.

ಇನ್ನು ಬ್ರೇಕು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಅಷ್ಟನ್ನೂ ಬ್ರೇಕು ಶಾಖವಾಗಿಸಬೇಕು. 'ಮಾಡೆಲ್ ಎ'ಯ ಬ್ರೇಕುಗಳೋ ಕಡ್ಡಿಗಳಿಂದ ಎಳೆಯುವಂಥವು. ಒಂದು ಕಡ್ಡಿಯ ಹೊಂದಾಣಿಕೆ ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಸೆಳೆಯುತ್ತಿತ್ತು. 1939ರ ಮಾದರಿಗಳಲ್ಲಿ ಫೋರ್ಡ್ ದ್ರವಚಾಲಿತ ಬ್ರೇಕಿಗೆ ಬದಲಾದ ಮೇಲೆ ಗ್ಯಾರೇಜಿನ ಹುಡುಗರು ಆ ಬ್ರೇಕುಗಳನ್ನು ಹುಡುಕಿ ತಂದು ಹಳೆಯ ಅಚ್ಚುಗಳಿಗೆ ಜೋಡಿಸಿದರು. ಪ್ಯಾಸ್ಕಲನ ನಿಯಮ ನಾಲ್ಕು ಚಕ್ರಗಳಿಗೂ ಒಂದೇ ಒತ್ತಡ ಹಂಚಿತು. ನನ್ನ ಮಟ್ಟಿಗೆ, ಆ ಯುವಕರ ಜಾಣತನಕ್ಕೆ ಅವರ ವೇಗದ ದಾಖಲೆಗಳಿಗಿಂತ ಇದೇ ಒಳ್ಳೆಯ ಸಾಕ್ಷಿ.

ರೇಡಿಯೇಟರೂ ದೊಡ್ಡದಾಗಬೇಕಿತ್ತು. ಈ ವಿ-8ರಲ್ಲಿ ಸುಟ್ಟ ಅನಿಲ ಹೊರಹೋಗುವ ದಾರಿ ಎಂಜಿನಿನ ನೀರಿನ ಕವಚದ ಮಧ್ಯೆಯೇ ಹಾದುಹೋಗುತ್ತಿತ್ತು. ನೀರು ಬೇಗ ಕಾಯುತ್ತಿತ್ತು.

1955ರಲ್ಲಿ ಷೆವ್ರೊಲೆಯ 4.3 ಲೀಟರಿನ ಹೊಸ ವಿ-8 ಬಂದಿತು. ಹಳೆಯ ಫೋರ್ಡುಗಳಿಗೆ ಈಗ ಇದನ್ನು ಕೂರಿಸುವ ಆತುರ. ಆದರೆ ಇದು 12 ವೋಲ್ಟಿನದು, ಮೈಗೆ ಸೇರಿದ್ದು ಋಣ ಧ್ರುವ. ಫೋರ್ಡಿನದು 6 ವೋಲ್ಟ್. ಹಳೆಯ ಬಲ್ಬನ್ನು ಹಾಗೇ ಬಿಟ್ಟರೆ ಏನಾದೀತು? ರೋಧ ಬದಲಾಗದಿದ್ದರೆ ವೋಲ್ಟೇಜು ಎರಡರಷ್ಟಾದಾಗ ಸಾಮರ್ಥ್ಯ ನಾಲ್ಕರಷ್ಟು. ಬಿಸಿಯಾದಂತೆ ತಂತುವಿನ ರೋಧ ಏರುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಕಡಿಮೆ ಬರುತ್ತದೆ, ಆದರೂ ಬಲ್ಬು ಉಳಿಯದು. ತರಗತಿಗೆ ಒಳ್ಳೆಯ ಲೆಕ್ಕ.

ಇನ್ನೊಂದು ತೊಡಕು ಅಳತೆಯದು. ಫೋರ್ಡ್ ವಿ-8ರ ಡಿಸ್ಟ್ರಿಬ್ಯೂಟರ್ ಎಂಜಿನಿನ ಮುಂದಿತ್ತು, ಷೆವ್ರೊಲೆಯದು ಹಿಂದೆ. ಅದು ಎಂಜಿನ್ ಕೋಣೆಯ ಹಿಂಬದಿಯ ತಗಡಿಗೆ ಬಡಿಯುತ್ತಿತ್ತು. ಹೀಗಾಗಿ ಜಾಣರು ಒಳಭಾಗಗಳಿಲ್ಲದ ಒಂದು ಕೆಟ್ಟ ಎಂಜಿನಿನ ಖಾಲಿ ಒಡಲನ್ನು ತಂದು, ಹಗುರವಾದ ಅದನ್ನೇ ಹತ್ತಾರು ಸಲ ಇಳಿಸಿ ಏರಿಸಿ ಜಾಗ ಗುರುತಿಸುತ್ತಿದ್ದರು. ನಂತರವೇ ತಗಡು ಕತ್ತರಿಸಿ ಒಳಕ್ಕೆ ತಗ್ಗು ಮಾಡುವುದು. ಹಾಗೆ ಮಾರ್ಪಡಿಸಿದ ಹಳೆಯ ಫೋರ್ಡುಗಳ ಬಾನೆಟ್ ಎತ್ತಿದರೆ, ಡಿಸ್ಟ್ರಿಬ್ಯೂಟರಿನ ಹಿಂದೆ ಆ ತಗ್ಗು ಇಂದಿಗೂ ಕಾಣುತ್ತದೆ.