ಗಾರುಡಿ

ಗಾರುಡಿ

ಬಜೆಟ್ ಟೀಕಿಸುವ ತೆಲುಗು ಪತ್ರಿಕೆಗಳ ‘ಅಂಕೆಲ ಗಾರಡಿ’ (ಅಂಕಿಗಳ ಕಣ್ಕಟ್ಟು) ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅದು ನಮ್ಮ ಗಾರುಡಿಯೇ. ಒಂದು ಉಕಾರ ಬಿದ್ದಿದೆ, ಅಷ್ಟೆ.

ಮೂಲ, ಹಾವಿನ ವೈರಿ ಗರುಡ. ಸಂಸ್ಕೃತದಲ್ಲಿ ‘ಗಾರುಡ’ ಎಂದರೆ ವಿಷ ಇಳಿಸುವ ಮಂತ್ರವಿದ್ಯೆ. ಅದನ್ನು ಬಲ್ಲವನು ಗಾರುಡಿಗ. ವಿಷ ಇಳಿಸುವವನೇ ಹಾವಾಡಿಸುವವನೂ ಆದ. ಮರಾಠಿಯ ‘ಗಾರುಡಿ’ ಇಂದಿಗೂ ಹಾವಾಡಿಗನೇ. ಕನ್ನಡ, ತೆಲುಗುಗಳಲ್ಲಿ ಅರ್ಥ ಎಲ್ಲ ಬಗೆಯ ಕಣ್ಕಟ್ಟಿಗೂ ಹರಡಿತು. ಬೇಂದ್ರೆಯವರನ್ನು ‘ಶಬ್ದಗಾರುಡಿಗ’ ಎಂದು ಕೊಂಡಾಡಿದ್ದೂ ಹೀಗೆಯೇ.

ಆದರೆ ಹಾವಿನ ಭಯ ಈ ಪದವನ್ನು ಬಿಟ್ಟಿಲ್ಲ. ಸಂತೆಯ ಗಾರುಡಿಗ ಹುಡುಗನನ್ನು ಮಲಗಿಸಿ, ಕಂಬಳಿ ಹೊದಿಸಿ, ಕುತ್ತಿಗೆಗೆ ಚಾಕು ಹಿಡಿಯುತ್ತಾನೆ. ನಡುವೆ ಎದ್ದುಹೋದವರು ರಕ್ತ ಕಾರುತ್ತಾರೆಂದು ಬೆದರಿಸುತ್ತಾನೆ. ಜನ ಇನ್ನಷ್ಟು ಒತ್ತಿಕೊಂಡು ನಿಲ್ಲುತ್ತಾರೆ. 1956ರಲ್ಲಿ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿಯಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಸೀಳಿ ತೋರಿಸಿದಾಗ, ಆಕೆ ಸತ್ತೇಹೋದಳೆಂದು ಗಾಬರಿಯಾದ ನೋಡುಗರ ಫೋನ್ ಕರೆಗಳು ಮುಗಿಬಿದ್ದಿದ್ದವು.

ಬರಿಯ ಜಾಣತನವನ್ನೆಲ್ಲ ಗಾರುಡಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಎದೆ ಒಮ್ಮೆಯಾದರೂ ಝಲ್ಲೆನ್ನಬೇಕು.